ಎರಡು ಸ್ಥಿತಿ, ಒಂದೇ ಹಣೆಪಟ್ಟಿಯೇ?

ಮಾತನಾಡದೆ ತನ್ನ ಪಾಡಿಗೆ ತಾನಿರುವ ಮಗುವನ್ನೂ ಇಲ್ಲದ ದನಿಗಳನ್ನು ಕೇಳಿಸಿಕೊಳ್ಳುವ ಯುವಕನನ್ನೂ ಕುಟ್ಟದಂತಹ ನಮ್ಮ ಊರುಗಳಲ್ಲಿ 'ಹುಚ್ಚು' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಇದು ಅಜ್ಞಾನವಷ್ಟೇ ಅಲ್ಲ, ಅನ್ಯಾಯ.

1911ರಲ್ಲಿ ಬ್ಲಾಯ್ಲರ್ 'ಆಟಿಸಂ' ಪದವನ್ನು ಸ್ಕಿಜೋಫ್ರೇನಿಯಾದ ಲಕ್ಷಣವಾಗಿಯೇ ಬಳಸಿದ್ದು ನಿಜ. ಆದರೆ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇವೆರಡನ್ನೂ ಬೇರ್ಪಡಿಸಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಪ್ರತ್ಯೇಕವಾಗಿಯೇ ಹೆಸರಿಸುತ್ತದೆ. ಆಟಿಸಂ ಎಳವೆಯಲ್ಲೇ ಕಾಣುವ ಬೆಳವಣಿಗೆಯ ಭಿನ್ನತೆ. ಅದಕ್ಕೆ ತಾಳ್ಮೆಯ ತರಬೇತಿ ಬೇಕು. ಸ್ಕಿಜೋಫ್ರೇನಿಯಾ ಹೆಚ್ಚಾಗಿ ಯೌವನದಲ್ಲಿ ತಲೆದೋರುವ ಕಾಯಿಲೆ, ಅದಕ್ಕೆ ಔಷಧವಿದೆ. ಕೆಲವು ವಂಶವಾಹಿಗಳು ಎರಡಕ್ಕೂ ಸಂಬಂಧಿಸಿವೆ, ದಿಟ. ನೆಂಟರೆಂದ ಮಾತ್ರಕ್ಕೆ ಇಬ್ಬರೂ ಒಬ್ಬರೇ ಆಗುವರೇ?

ಹೆಸರು ತಪ್ಪಿದರೆ ಒಬ್ಬನಿಗೆ ತರಬೇತಿ ತಪ್ಪುತ್ತದೆ, ಇನ್ನೊಬ್ಬನಿಗೆ ಔಷಧ. ಆದ್ದರಿಂದ ಮಕ್ಕಳನ್ನು ಮುಚ್ಚಿಡದಿರಿ, ಮಂತ್ರವಾದಿಯ ಬಳಿ ಒಯ್ಯದಿರಿ. ಮಡಿಕೇರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ, ವೈದ್ಯರಿರುವಲ್ಲಿಗೆ ಕರೆದೊಯ್ಯಿರಿ.