ಡಾಮರು ರಸ್ತೆಯೋ, ಬೆಟ್ಟದ ಹಾದಿಯೋ?

ಮಾತುಂಗದ ಉಪಾಹಾರ ಗೃಹವೊಂದರಲ್ಲಿ ರಾತ್ರಿ ಬಾಗಿಲು ಮುಚ್ಚಿದ ಬಳಿಕ, ಕುರ್ಚಿಗಳನ್ನು ಮೇಜುಗಳ ಮೇಲೆ ಬೋರಲು ಹಾಕಿ ನೆಲ ತೊಳೆಯುವ ವೇಳೆಯಲ್ಲಿ, ಇಬ್ಬರು ತರುಣರ ನಡುವಣ ವಾದವೊಂದನ್ನು ಆಲಿಸುವ ಯೋಗ ಈಚೆಗೆ ನಮಗೆ ಒದಗಿತು. ಒಬ್ಬನು ಅಲ್ಲಿಯೇ ಬಡಿಸುವ ಕೆಲಸದವನು. ಮತ್ತೊಬ್ಬನು ಕಚೇರಿಯೊಂದರ ಗುಮಾಸ್ತ. ಇಬ್ಬರಿಗೂ ಸೈಕಲಿನ ಹುಚ್ಚು. ದೀರ್ಘ ದೂರದ ಸೈಕಲ್ ಪಂದ್ಯಗಳಲ್ಲಿ ಡಾಮರು ರಸ್ತೆಯದು ಕಠಿಣವೋ, ಬೆಟ್ಟಗಾಡಿನ ಕಚ್ಚಾ ಹಾದಿಯದು ಕಠಿಣವೋ ಎಂಬುದೇ ವಿವಾದದ ವಿಷಯ. "ರಸ್ತೆಯಲ್ಲಿ ಯಾರೂ ಓಡಿಸಿಯಾರು ಮಾರಾಯ, ಕಲ್ಲಿನ ಮೇಲೆ ಓಡಿಸಿ ತೋರಿಸು" ಎಂದು ಬಡಿಸುವವನು. "ಮೂರು ವಾರ ದಿನವೂ ಓಡಿಸಿ ತೋರಿಸು, ಆಮೇಲೆ ಮಾತಾಡು" ಎಂದು ಗುಮಾಸ್ತ. ಇತ್ಯರ್ಥವಾಗುವ ಮೊದಲೇ ದೀಪ ಆರಿತು. ಆ ವಾದವನ್ನು ಓದುಗರ ಮುಂದೆ ಮತ್ತೆ ತೆಗೆಯುವುದಕ್ಕೆ ನಮಗೊಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇವೆ.

ಮೊದಲು ರಸ್ತೆಯ ಪಕ್ಷವನ್ನು ಕೇಳೋಣ. ಈ ಬಗೆಯ ಪಂದ್ಯಗಳಲ್ಲಿ ಶಿಖರಪ್ರಾಯವಾದ 'ಟೂರ್ ದ ಫ್ರಾನ್ಸ್' 1903ರಲ್ಲಿ ಆರಂಭವಾದದ್ದು ವೃತ್ತಪತ್ರಿಕೆಯೊಂದರ ಪ್ರಸಾರವನ್ನು ಹೆಚ್ಚಿಸುವ ಉಪಾಯವಾಗಿ. ಅದರ ಪ್ರಥಮ ವಿಜೇತನಾದ ಮೋರಿಸ್ ಗಾರೆನ್ ಇಟಲಿಯ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಫ್ರಾನ್ಸಿಗೆ ಬಂದು, ಮನೆಗಳ ಹೊಗೆಗೂಡುಗಳನ್ನು ಗುಡಿಸಿ ಹೊಟ್ಟೆ ಹೊರೆದವನು. ಊರು ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮ್ಮವರಿಗೆ ಈ ಸಂಗತಿ ಬೇರೆ ವಿವರಣೆಯಿಲ್ಲದೆಯೇ ಅರ್ಥವಾದೀತು. ಇಂದು ಆ ಪಂದ್ಯವು 21 ಹಂತಗಳಲ್ಲಿ, ನಡುವೆ ಎರಡೇ ದಿನಗಳ ವಿಶ್ರಾಂತಿಯೊಂದಿಗೆ, ಸುಮಾರು 3,400 ಕಿಲೋಮೀಟರ್ ಸಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ವಿಜೇತನ ಸರಾಸರಿ ವೇಗ, ಪರ್ವತಗಳನ್ನೂ ಸೇರಿಸಿ, ಗಂಟೆಗೆ 40 ಕಿಲೋಮೀಟರನ್ನು ಮೀರಿದೆ.

ಈ ವೇಗದಲ್ಲಿ ಸವಾರನ ಮುಖ್ಯ ವೈರಿ ರಸ್ತೆಯಲ್ಲ, ಗಾಳಿ. ಸಪಾಟಾದ ನೆಲದಲ್ಲಿ ಅವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗವನ್ನು ಇಮ್ಮಡಿಗೊಳಿಸಬೇಕಾದರೆ ಗಾಳಿಯೆದುರು ವ್ಯಯಿಸಬೇಕಾದ ಶಕ್ತಿ ಎಂಟು ಮಡಿಯಾಗುತ್ತದೆಂಬುದು ಭೌತಶಾಸ್ತ್ರದ ಲೆಕ್ಕ. ಆದ್ದರಿಂದಲೇ ರಸ್ತೆಯ ಸವಾರರು ಒಬ್ಬರ ಹಿಂದೊಬ್ಬರು, ಗಾಲಿಗೆ ಗಾಲಿ ತಾಗುವಷ್ಟು ಸಮೀಪದಲ್ಲಿ, ಗುಂಪಾಗಿ ಸಾಗುತ್ತಾರೆ. ಮುಂದಿನವನ ಮರೆಯಲ್ಲಿ ಸಾಗುವವನಿಗೆ ಸುಮಾರು ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ಆದರೆ ಆ ಉಳಿತಾಯಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ: ಒಬ್ಬನ ಗಾಲಿ ಜಾರಿದರೆ ಹಿಂದಿನ ಹತ್ತು ಮಂದಿ ಡಾಮರಿನ ಮೇಲೆ ಉರುಳುತ್ತಾರೆ. ಚರ್ಮ ಸುಲಿದ ಮೈಗೆ ಪಟ್ಟಿ ಕಟ್ಟಿಕೊಂಡು ಮರುದಿನ ಬೆಳಗ್ಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಪ್ರತಿದಿನಕ್ಕೂ ಒಂದು ಕಾಲಮಿತಿಯುಂಟು. ಅದರೊಳಗೆ ಮುಟ್ಟದವನು ಮನೆಗೆ ಹೋಗಬೇಕು.

ಇನ್ನೊಂದು ಸಂಗತಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ತಂಡದಲ್ಲಿರುವ ಎಂಟು ಮಂದಿಯಲ್ಲಿ ಗೆಲುವಿಗಾಗಿ ಓಡುವವನು ಸಾಮಾನ್ಯವಾಗಿ ಒಬ್ಬನೇ. ಉಳಿದವರು ಅವನಿಗಾಗಿ ಗಾಳಿಗೆ ಎದೆಯೊಡ್ಡುವವರು; ಹಿಂದಿನ ಕಾರಿನಿಂದ ನೀರಿನ ಸೀಸೆಗಳನ್ನು ಅಂಗಿಯೊಳಗೆ ತುರುಕಿಕೊಂಡು ಮುಂದಕ್ಕೆ ಒಯ್ಯುವವರು; ಅವನ ಗಾಲಿ ಕೆಟ್ಟರೆ ತಮ್ಮ ಗಾಲಿಯನ್ನೇ ಬಿಚ್ಚಿಕೊಡುವವರು. ಫ್ರೆಂಚರು ಇವರನ್ನು 'ಮನೆಯಾಳು' ಎಂಬರ್ಥದ ಮಾತಿನಿಂದಲೂ, 'ನೀರು ಹೊರುವವರು' ಎಂಬ ಮಾತಿನಿಂದಲೂ ಕರೆಯುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನೆಂಬ ಗಾದೆಗೆ ವಿರುದ್ಧವಾಗಿ, ಒಳ್ಳೆಯ ನಾಯಕನು ತನ್ನ ಬಹುಮಾನದ ಹಣವನ್ನು ಇವರಿಗೆ ಹಂಚುವುದು ಆ ಆಟದ ಸಂಪ್ರದಾಯ. ದಿನವಿಡೀ ನೂರಾರು ಮೇಜುಗಳಿಗೆ ನೀರು ಒಯ್ಯುವ ಕೈಗಳು ಈ ಸೇವೆಯ ಭಾರವನ್ನು ಬಲ್ಲವು.

ಇನ್ನು ಬೆಟ್ಟದ ಪಕ್ಷ. ಈ ಪಂದ್ಯದ ವಯಸ್ಸು ಚಿಕ್ಕದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲುಗಳನ್ನು ಬೆಟ್ಟಕ್ಕೆ ಹೊತ್ತೊಯ್ದು ಮಣ್ಣಿನ ಇಳಿಜಾರಿನಲ್ಲಿ ಓಡಿಸತೊಡಗಿದರು. 1976ರಲ್ಲಿ ಅವರು ಆರಂಭಿಸಿದ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು; ಒಂದೇ ಇಳಿತದಲ್ಲಿ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ, ಪ್ರತಿ ಸಲವೂ ಹೊಸದಾಗಿ ತುಂಬಬೇಕಾಗುತ್ತಿದ್ದುದೇ ಆ ಹೆಸರಿಗೆ ಕಾರಣ. ಇಪ್ಪತ್ತೇ ವರ್ಷಗಳಲ್ಲಿ, 1996ರ ಅಟ್ಲಾಂಟಾ ಕೂಟದಲ್ಲಿ, ಬೆಟ್ಟದ ಸೈಕಲಿಗೆ ಒಲಿಂಪಿಕ್ ಮಾನ್ಯತೆ ದೊರೆಯಿತು.

ಇಲ್ಲಿ ವೇಗ ಕಡಿಮೆಯಾದುದರಿಂದ ಗಾಳಿಯ ಕಾಟ ಕಡಿಮೆ. ಅಂತೆಯೇ ಇನ್ನೊಬ್ಬನ ಮರೆಯಲ್ಲಿ ಸಾಗುವ ಸೌಲಭ್ಯವೂ ಕಡಿಮೆ. ಕಲ್ಲು, ಬೇರು, ಕೆಸರು, ಸಡಿಲ ಮಣ್ಣು ಇವು ಪ್ರತಿ ಗಜದಲ್ಲಿಯೂ ಹೊಸ ಪ್ರಶ್ನೆಯನ್ನೊಡ್ಡುತ್ತವೆ. ರಸ್ತೆಯ ಸವಾರನು ಮುಖ್ಯವಾಗಿ ಕಾಲಿನಿಂದ ದುಡಿದರೆ, ಬೆಟ್ಟದವನು ಬೆರಳು, ಮಣಿಕಟ್ಟು, ತೋಳು, ಸೊಂಟ, ಕಣ್ಣುಗಳೆಲ್ಲವನ್ನೂ ಏಕಕಾಲದಲ್ಲಿ ದುಡಿಸಬೇಕು. ಉದ್ದನೆಯ ಇಳಿಜಾರು ಅವನಿಗೆ ವಿಶ್ರಾಂತಿಯಲ್ಲ. ಬ್ರೇಕು ಹಿಡಿದು ಹಿಡಿದು ಕೈ ಮರಗಟ್ಟುವ ಇನ್ನೊಂದು ಬಗೆಯ ದುಡಿಮೆ.

ಅಮೆರಿಕದ ಕೊಲೊರಾಡೊ ಪರ್ವತಗಳಲ್ಲಿರುವ ಲೆಡ್‌ವಿಲ್ ಪಟ್ಟಣದ ಪಂದ್ಯ ಇದಕ್ಕೆ ಉತ್ತಮ ನಿದರ್ಶನ. 1980ರ ದಶಕದ ಆರಂಭದಲ್ಲಿ ಅಲ್ಲಿಯ ದೊಡ್ಡ ಗಣಿ ಮುಚ್ಚಿ ಸಾವಿರಾರು ಕೆಲಸಗಾರರು ಬೀದಿಪಾಲಾದರು. ಕೆಲಸ ಕಳೆದುಕೊಂಡ ಗಣಿಗಾರರಲ್ಲಿ ಒಬ್ಬನಾದ ಕೆನ್ ಕ್ಲೌಬರ್, ಊರಿಗೆ ಜನರನ್ನು ಕರೆತರಬೇಕೆಂಬ ಹಟದಿಂದ 1983ರಲ್ಲಿ ನೂರು ಮೈಲಿಗಳ ಕಾಲ್ನಡಿಗೆಯ ಓಟವನ್ನು ಏರ್ಪಡಿಸಿದನು. 1994ರಲ್ಲಿ ಅದೇ ದೂರದ ಸೈಕಲ್ ಪಂದ್ಯವೂ ಸೇರಿತು. ಪಂದ್ಯ ಹೊರಡುವ ಸ್ಥಳವೇ ಸಮುದ್ರಮಟ್ಟದಿಂದ 10,000 ಅಡಿಗೂ ಮೇಲೆ. ಅತಿ ಎತ್ತರದ ಸ್ಥಳ 12,000 ಅಡಿಯನ್ನೂ ಮೀರುತ್ತದೆ. ಅಷ್ಟು ಮೇಲೆ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಮುಗಿಸಲು 12 ಗಂಟೆಗಳ ಅವಧಿ. ಅತಿವೇಗದ ಸವಾರರಿಗೂ ಸುಮಾರು 6 ಗಂಟೆ ಬೇಕು. ದಕ್ಷಿಣ ಆಫ್ರಿಕದಲ್ಲಿ 2004ರಿಂದ ನಡೆದುಬಂದಿರುವ 'ಕೇಪ್ ಎಪಿಕ್' ಪಂದ್ಯದ್ದು ಇನ್ನೊಂದು ಬಗೆ: ಎಂಟು ದಿನ, ಇಬ್ಬರ ತಂಡ, ಜೊತೆಗಾರರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚಿನ ಅಂತರವಾಗಕೂಡದೆಂಬ ಕಟ್ಟುನಿಟ್ಟು. ಬಲಿಷ್ಠನು ದುರ್ಬಲನನ್ನು ಬಿಟ್ಟು ಹೋಗುವಂತಿಲ್ಲ.

ಹೀಗೆ ಎರಡೂ ಪಕ್ಷಗಳನ್ನು ಕೇಳಿದ ಮೇಲೆ, ಕಾಠಿಣ್ಯವೆಂಬುದು ನೆಲದ ಗುಣವೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ 1913ರ ಟೂರಿನ ಒಂದು ಪ್ರಸಂಗವು ಉತ್ತರ ಹೇಳುತ್ತದೆ. ಗೆಲ್ಲುವ ಭರವಸೆಯಲ್ಲಿದ್ದ ಯೂಜೀನ್ ಕ್ರಿಸ್ತೋಫ್ ಎಂಬವನು ಪಿರೆನೀಸ್ ಪರ್ವತದ ಟೂರ್ಮಾಲೆ ಘಟ್ಟವನ್ನು ಇಳಿಯುತ್ತಿದ್ದಾಗ ಅವನ ಸೈಕಲಿನ ಮುಂದಿನ ಫೋರ್ಕು ಮುರಿಯಿತು. ಯಾರ ಸಹಾಯವನ್ನೂ ಪಡೆಯಬಾರದೆಂಬುದು ಅಂದಿನ ನಿಯಮ. ಅವನು ಸೈಕಲನ್ನು ಹೊತ್ತುಕೊಂಡು ಮೈಲಿಗಟ್ಟಲೆ ನಡೆದು, ಕೆಳಗಿನ ಹಳ್ಳಿಯ ಕಮ್ಮಾರಸಾಲೆಯನ್ನು ಸೇರಿ, ಕಬ್ಬಿಣವನ್ನು ಕಾಯಿಸಿ ಬಡಿದು, ತನ್ನ ಕೈಯಾರೆ ಫೋರ್ಕನ್ನು ಬೆಸೆದನು. ತಿದಿ ಒತ್ತಲು ಒಬ್ಬ ಹುಡುಗ ಕೈಗೂಡಿಸಿದನೆಂಬ ಕಾರಣಕ್ಕೆ, ಗಂಟೆಗಟ್ಟಲೆ ಕಾಲ ಕಳೆದುಕೊಂಡಿದ್ದ ಅವನಿಗೆ ಮತ್ತೆ ಕೆಲವು ನಿಮಿಷಗಳ ದಂಡವನ್ನೂ ವಿಧಿಸಿದರು! ಅಂದಿನ ಆ ಘಟ್ಟದ ರಸ್ತೆಗಳು ಇಂದಿನ ಡಾಮರು ರಸ್ತೆಗಳಲ್ಲ. ಮಣ್ಣು ಕಲ್ಲಿನ ಹಾದಿಗಳೇ. ಇಂದು ಅದೇ ಟೂರಿನಲ್ಲಿ ಗಾಲಿ ಕೆಟ್ಟರೆ ತಂಡದ ಕಾರಿನಿಂದ ಇಳಿದವನು ಕೆಲವೇ ಸೆಕೆಂಡುಗಳಲ್ಲಿ ಬೇರೊಂದನ್ನು ಜೋಡಿಸುತ್ತಾನೆ. ಪಂದ್ಯದ ಕಾಠಿಣ್ಯವು ನೆಲದಿಂದ ಎಷ್ಟು ಹುಟ್ಟುತ್ತದೆಯೋ, ಸವಾರನಿಗೆ ಎಷ್ಟು ಸಹಾಯ ಸಿಗುತ್ತದೆಂಬ ನಿಯಮದಿಂದಲೂ ಅಷ್ಟೇ ಹುಟ್ಟುತ್ತದೆ.

ಈ ಮಾತನ್ನು ಒರೆಹಚ್ಚಲು ಹೆಚ್ಚುಕಡಿಮೆ ಸಮಾನ ದೂರದ ಎರಡು ಪಂದ್ಯಗಳನ್ನು ಎದುರುಬದುರಾಗಿ ಇಡಬಹುದು. 1982ರಲ್ಲಿ ನಾಲ್ವರೇ ಸವಾರರಿಂದ ಆರಂಭವಾದ 'ರೇಸ್ ಅಕ್ರಾಸ್ ಅಮೆರಿಕ' ಪಂದ್ಯವು ಆ ದೇಶದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯವರೆಗೆ ಡಾಮರು ರಸ್ತೆಯಲ್ಲಿ ಸುಮಾರು 4,800 ಕಿಲೋಮೀಟರ್. ಒಂಟಿ ಸವಾರನಿಗೆ ಸುಮಾರು 12 ದಿನಗಳ ಅವಧಿ. ಅವನು ಮಲಗಿದರೂ ಗಡಿಯಾರ ನಿಲ್ಲುವುದಿಲ್ಲ. ಆದರೆ ಅವನ ಹಿಂದೆ ವಾಹನವಿದೆ. ಅನ್ನ, ಔಷಧ, ದಾರಿ ತೋರಿಸುವ ಮಂದಿ ಇದ್ದಾರೆ. ಇಷ್ಟಿದ್ದೂ ಅನೇಕರಿಗೆ ಕತ್ತಿನ ಸ್ನಾಯುಗಳು ಸೋತು ತಲೆಯನ್ನು ಎತ್ತಿ ಹಿಡಿಯುವುದೇ ಅಸಾಧ್ಯವಾಗುತ್ತದೆ. 2017ರಲ್ಲಿ ನಮ್ಮ ಸೇನೆಯ ವೈದ್ಯಾಧಿಕಾರಿ ಶ್ರೀನಿವಾಸ ಗೋಕುಲನಾಥರು ಇದನ್ನು ಒಂಟಿಯಾಗಿ ಮುಗಿಸಿದ ಪ್ರಥಮ ಭಾರತೀಯರೆನಿಸಿದರು. ಇನ್ನೊಂದು 'ಟೂರ್ ಡಿವೈಡ್': 2008ರಿಂದ ನಡೆಯುತ್ತಿರುವ, ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊದ ಗಡಿಯವರೆಗೆ ಬಹುಪಾಲು ಕಚ್ಚಾ ಹಾದಿಯಲ್ಲಿ ಸುಮಾರು 4,300 ಕಿಲೋಮೀಟರ್. ಪ್ರವೇಶ ಶುಲ್ಕವಿಲ್ಲ, ಬಹುಮಾನವಿಲ್ಲ, ಹಿಂಬಾಲಿಸುವ ವಾಹನವಂತೂ ಇಲ್ಲವೇ ಇಲ್ಲ. ಹಾಸಿಗೆ, ಅನ್ನ, ಸಲಕರಣೆಗಳೆಲ್ಲವೂ ಸೈಕಲಿನ ಮೇಲೆಯೇ. ಅಂಗಡಿಯಲ್ಲಿ ಸರ್ವರಿಗೂ ದೊರೆಯುವುದನ್ನು ಕೊಳ್ಳಬಹುದು. ಸ್ನೇಹಿತನು ತಂದುಕೊಟ್ಟುದನ್ನು ಸ್ವೀಕರಿಸಕೂಡದು. ಅತಿ ಸಮರ್ಥರಿಗೂ ಸುಮಾರು ಎರಡು ವಾರ ಹಿಡಿಯುತ್ತದೆ.

ನಮ್ಮ ನಮ್ರ ಅಭಿಪ್ರಾಯವಿಷ್ಟು. ದೇಹದ ದಣಿವನ್ನು ಮಾತ್ರ ತೂಗುವುದಾದರೆ ತಕ್ಕಡಿಯ ಎರಡೂ ತಟ್ಟೆಗಳು ಸಮ. ವೇಗದ ನಿಷ್ಠುರತೆ, ದಿನದಿನವೂ ಮರಳಿ ಏಳಬೇಕಾದ ಛಲ, ಪರರಿಗಾಗಿ ತನ್ನನ್ನು ಸವೆಸಿಕೊಳ್ಳುವ ಗುಣ, ಇವುಗಳ ಪರೀಕ್ಷೆ ರಸ್ತೆಯಲ್ಲಿ ಹೆಚ್ಚು. ಒಂಟಿತನ, ಕೈಚಳಕ, ಕೆಟ್ಟ ಯಂತ್ರವನ್ನು ತಾನೇ ಸರಿಪಡಿಸಿಕೊಳ್ಳುವ ಸ್ವಾವಲಂಬನೆ, ಇವುಗಳ ಪರೀಕ್ಷೆ ಬೆಟ್ಟದಲ್ಲಿ ಹೆಚ್ಚು. ಒಂದನ್ನೇ ಆರಿಸಲೇಬೇಕೆಂದು ಯಾರಾದರೂ ಒತ್ತಾಯಿಸಿದರೆ ನಾವು ಬೆಟ್ಟದ ಕಡೆಗೆ ಒಂದು ಗುಲಗಂಜಿಯಷ್ಟು ವಾಲುತ್ತೇವೆ. ಸೋತವನನ್ನು ಎತ್ತಿಕೊಂಡು ಹೋಗಲು ಅಲ್ಲಿ ಹಿಂದೆ ಬಂಡಿ ಬರುವುದಿಲ್ಲವೆಂಬುದೇ ಅದಕ್ಕೆ ಕಾರಣ. ಆದರೆ ದೂರದ ಬೆಟ್ಟ ನುಣ್ಣಗೆ ಎಂಬಂತೆ ಕಾಣುವುದು ಬೆಟ್ಟವೊಂದೇ ಅಲ್ಲ. ದೂರದ ಡಾಮರು ರಸ್ತೆಯೂ ಹಾಗೆಯೇ.

ಈಗ ಆರಂಭದಲ್ಲಿ ಹೇಳಿದ ಕಾರಣಕ್ಕೆ ಬರೋಣ. ಆ ರಾತ್ರಿ ವಾದ ಮಾಡಿದ ಬಡಿಸುವ ತರುಣನು ಕೆಲವು ತಿಂಗಳ ಹಿಂದೆ ಹನ್ನೊಂದೂವರೆಗೆ ಕೆಲಸ ಮುಗಿಸಿ, ಮೂರೇ ಗಂಟೆ ಮಲಗಿ, ನಸುಕಿನಲ್ಲಿ ಖಂಡಾಲಾ ಘಟ್ಟದತ್ತ ಸೈಕಲ್ ಹತ್ತಿದನು. ಮುಂಬಯಿ–ಪುಣೆ ಸೈಕಲ್ ಪಂದ್ಯದಲ್ಲಿ ಘಟ್ಟವನ್ನು ಮೊದಲು ಏರಿದವನಿಗೆ 'ಘಾಟಾಚಾ ರಾಜಾ' ಎಂಬ ಬಿರುದುಂಟೆಂದು ಅವನು ಕೇಳಿದ್ದನು. ತಾನೂ ಒಂದು ದಿನ ರಾಜನಾಗಬೇಕೆಂಬ ಆಸೆ. ಹೆದ್ದಾರಿಯಲ್ಲಿ ಕಣ್ಣು ಒಂದು ಕ್ಷಣ ಮುಚ್ಚಿತು. ಲಾರಿಯ ಚಾಲಕನು ಎಚ್ಚರದಲ್ಲಿದ್ದುದರಿಂದ ಒಂದು ಭುಜದ ಮೂಳೆಯೊಂದಿಗೆ ತೀರಿತು. ಎರಡು ತಿಂಗಳು ತಟ್ಟೆ ಎತ್ತಲಾಗಲಿಲ್ಲ. ಆ ಎರಡು ತಿಂಗಳ ಸಂಬಳವೂ ಬರಲಿಲ್ಲ. ಊರಿನಲ್ಲಿ ತಾಯಿಗೆ ಹಣ ಹೋಗಲಿಲ್ಲ. ಹದಿನೇಳು ಹದಿನೆಂಟು ಗಂಟೆ ಎಚ್ಚರವಿದ್ದವನ ಕಣ್ಣು ಕೈಗಳು ಮದ್ಯ ಕುಡಿದವನವುಗಳಂತೆ ಮಂದವಾಗುತ್ತವೆಂಬುದು ವೈದ್ಯರು ಕಂಡುಕೊಂಡ ಸತ್ಯ. ನಮ್ಮ ತರುಣರಿಗೆ ರಸ್ತೆಗಿಂತಲೂ ಬೆಟ್ಟಕ್ಕಿಂತಲೂ ಕಠಿಣವಾದುದು ನಿದ್ರೆಯ ಕೊರತೆ. ಅದರಲ್ಲಿ ತರುಣನ ತಪ್ಪು ಅರ್ಧ. ಉಳಿದರ್ಧ, ವಾರಕ್ಕೊಂದು ಪೂರ್ಣ ದಿನದ ರಜೆಯನ್ನೂ ಕೊಡದವರದು.

ಆದ್ದರಿಂದ ಎರಡು ಮಾತು. ತರುಣರಿಗೆ ಮೊದಲನೆಯದು: ಆಸೆಯನ್ನು ಬಿಡಬೇಡಿ, ಹಾದಿಯನ್ನು ಬದಲಿಸಿರಿ. ಆಡಾಕ್ಸ್ ಇಂಡಿಯಾ ಸಂಸ್ಥೆಯ ಆಶ್ರಯದಲ್ಲಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲೆಲ್ಲ ದೀರ್ಘ ದೂರದ ಸವಾರಿಗಳು ನಡೆಯುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಅವಧಿ. ಅಲ್ಲಿ ಮೊದಲಿಗನಿಲ್ಲ, ಕೊನೆಯವನಿಲ್ಲ. ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು. ತಲೆಗೆ ಹೆಲ್ಮೆಟ್ಟು, ಸೈಕಲಿಗೆ ಹಿಂದೆ ಮುಂದೆ ದೀಪ, ಮೈಗೆ ಹೊಳೆಯುವ ಅಂಗಿ ಕಡ್ಡಾಯ. ಲಕ್ಷ ರೂಪಾಯಿಯ ಸೈಕಲು ಕಡ್ಡಾಯವಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಿದರೆ ಸಾಕು. ಇದರಲ್ಲಿ ಪಳಗಿದವನಿಗೆ ಮುಂದೆ ಬೆಟ್ಟವೂ ಇದೆ, ಪಂದ್ಯವೂ ಇದೆ. ನಮ್ಮ ವಿಜಯಪುರ, ಬಾಗಲಕೋಟೆಗಳ ಬಿಸಿಲಿನಲ್ಲಿ ಬೆಳೆದ ಬಡ ರೈತರ ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕ ತಂದಿರುವುದು ಸಿರಿವಂತಿಕೆಯಿಂದಲ್ಲ, ಕ್ರಮವಾದ ಅಭ್ಯಾಸದಿಂದ.

ಎರಡನೆಯದು ಧಣಿಗಳಿಗೂ ನಮ್ಮ ಕನ್ನಡ ಸಂಘಗಳಿಗೂ. ವಾರದ ರಜೆಯನ್ನು ಯಾರೂ ಕೃಪೆಯೆಂದು ಭಾವಿಸಬೇಕಾಗಿಲ್ಲ. ಅದು ಕಾನೂನು ಕೊಟ್ಟ ಹಕ್ಕು. ಆ ಒಂದು ದಿನದ ಹಿಂದಿನ ರಾತ್ರಿ ಹುಡುಗನನ್ನು ಎರಡು ಗಂಟೆ ಮುಂಚಿತವಾಗಿ ಬಿಟ್ಟರೆ ಗಲ್ಲಾಪೆಟ್ಟಿಗೆಗೆ ಆಗುವ ನಷ್ಟ ಅತ್ಯಲ್ಪ. ಉಳಿಯುವುದು ಒಂದು ಜೀವ. ವಾರ್ಷಿಕೋತ್ಸವಕ್ಕೆ ಹಾರ ತುರಾಯಿಗಳಿಗಾಗಿ ವೆಚ್ಚಮಾಡುವ ಸಂಘಗಳು ನಾಲ್ಕು ಹೆಲ್ಮೆಟ್ಟು, ನಾಲ್ಕು ದೀಪಗಳನ್ನು ಕೊಂಡು ಎರವಲು ಕೊಡುವ ವ್ಯವಸ್ಥೆಯನ್ನು ಮಾಡಲಾರವೇ? ಹಿಂದೆ ಇದೇ ಸಮಾಜವು ಹೋಟೆಲಿನ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ತೆರೆದು ಅಕ್ಷರವನ್ನು ಕಲಿಸಿತು. ಆ ದೂರದೃಷ್ಟಿ ಅವರ ಮೈಯ ಆರೋಗ್ಯಕ್ಕೂ, ಉತ್ಸಾಹಕ್ಕೂ ವಿಸ್ತರಿಸಲಿ.

ಫ್ರಾನ್ಸಿನ ಆ ಮಹಾಪಂದ್ಯದಲ್ಲಿ ನಾಯಕನ ಹಿಂದೆ ಏಳು ಮಂದಿ ಇರುತ್ತಾರೆ. ನಮ್ಮ ಬಡಿಸುವ ತರುಣನ ಹಿಂದೆ ಈಗ ಇರುವವನು ಅವನೊಡನೆ ವಾದ ಮಾಡಿದ ಆ ಗುಮಾಸ್ತನೊಬ್ಬನೇ. ಭುಜ ವಾಸಿಯಾದ ಮೇಲೆ ಇಬ್ಬರೂ ಮುಂದಿನ ಚಳಿಗಾಲದಲ್ಲಿ 200 ಕಿಲೋಮೀಟರಿನ ಸವಾರಿಗೆ ಹೆಸರು ಕೊಡುವವರಿದ್ದಾರೆ. ಅವರಿಗೆ ಅದರ ಹಿಂದಿನ ರಾತ್ರಿ ಎಂಟು ಗಂಟೆಗಳ ನಿದ್ರೆ ದೊರೆಯುವಂತೆ ಮಾಡುವುದು ನಮ್ಮೆಲ್ಲರ ಕೈಯಲ್ಲಿದೆ.