ಗರ್ಭಕೋಶ ತೆಗೆಯಲು ಬಾಯಿ ಬರುತ್ತದೆ, ಆಮೇಲಿನದು ಹೇಳಲು ಬರುವುದಿಲ್ಲವೇ?

ಬಸವಾಪಟ್ಟಣದ ಸುತ್ತಲ ಊರು, ತಾಂಡಾಗಳಲ್ಲಿ ಗರ್ಭಕೋಶ ತೆಗೆಸಿಕೊಂಡ ಹೆಂಗಸರನ್ನು ಒಂದೇ ಪ್ರಶ್ನೆ ಕೇಳಿ ನೋಡಿ: ‘ಅಕ್ಕಾ, ಅಂಡಾಶಯ ಉಳಿಸಿದಾರೋ, ಅದನ್ನೂ ತೆಗೆದಾರೋ?’ ನಾವು ಕೇಳಿದ ಬಹುತೇಕರಿಗೆ ಗೊತ್ತಿರಲಿಲ್ಲ. ‘ಬಿಟ್ರೆ ಕ್ಯಾನ್ಸರ್ ಆಗುತ್ತೆ ಅಂದ್ರು, ಹೆಬ್ಬೆಟ್ಟು ಒತ್ತಿದ್ವಿ’ ಅಂದರು. ಇದು ಅವರ ದಡ್ಡತನವಲ್ಲ. ಹೇಳಬೇಕಾದವರು ಹೇಳಿಲ್ಲ.

ಗರ್ಭಕೋಶ ಮಾತ್ರ ಹೋದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯದಿಂದ ಹಾರ್ಮೋನು ಬರುತ್ತಲೇ ಇರುತ್ತದೆ. ಕೆಲವರಿಗೆ ಸ್ವಲ್ಪ ಬೇಗ ಬತ್ತಬಹುದು, ಅಷ್ಟೆ. ಎರಡೂ ಅಂಡಾಶಯ ಹೋದರೆ, 50ರ ಹತ್ತಿರ ನಿಧಾನವಾಗಿ ಬರಬೇಕಾದದ್ದು 32ಕ್ಕೇ ದಿಢೀರನೆ ಬರುತ್ತದೆ. ಈಸ್ಟ್ರೋಜನ್ ಕುಸಿಯುತ್ತದೆ. ಆಸೆಗೆ ಬೇಕಾದ ಟೆಸ್ಟೋಸ್ಟೆರಾನ್ ಸುಮಾರು ಅರ್ಧಕ್ಕಿಳಿಯುತ್ತದೆ. ಮೈ ಬಿಸಿಯೇರಿ ಬೆವರುವುದು, ನಿದ್ದೆಗೇಡು, ಯೋನಿ ಒಣಗಿ ಕೂಡುವಾಗ ಉರಿ, ಕೊನೆಗೆ ಆಸೆಯೇ ಸತ್ತಂತಾಗುವುದು ಇದರಿಂದಲೇ.

ಮನೆಯಲ್ಲಿ ಏನನ್ನುತ್ತಾರೆ? ‘ಆಪರೇಷನ್ ಆದ್ಮೇಲೆ ಇವಳು ಸರಿಯಿಲ್ಲ.’ ಗಂಡ ಮುನಿಸಿಕೊಳ್ಳುತ್ತಾನೆ, ಅತ್ತೆ ಗೊಣಗುತ್ತಾಳೆ. ಉರಿ ಸಹಿಸಿಕೊಂಡು ಹಾಸಿಗೆಗೆ ಹೋಗುವವಳ ಪಾಡು ಯಾರಿಗೂ ಬೇಡ.

ಬೇಕಾದವರಿಗೂ ಆಪರೇಷನ್ ಬೇಡ ಎಂದು ನಾವು ಹೇಳುತ್ತಿಲ್ಲ. ವಿಪರೀತ ರಕ್ತಸ್ರಾವ, ನೋವು ಹೋಗಿ ದಾಂಪತ್ಯ ಸುಖ ಹೆಚ್ಚಾದವರೂ ಇದ್ದಾರೆ. ಬರೀ ಬಿಳಿ ಹೋಗುವುದಕ್ಕೂ ಕತ್ತರಿ ಹಾಕುವುದನ್ನು ಕೇಳಬೇಕು. ಕಲಬುರಗಿಯಲ್ಲಿ 2015ರಲ್ಲಿ 2,000ಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆದ ಪ್ರಕರಣ ಹೊರಬಿತ್ತು. ಅವರಲ್ಲಿ ಲಂಬಾಣಿ, ದಲಿತ ಹೆಂಗಸರೇ ಹೆಚ್ಚು. ಪಕ್ಕದ ರಾಣೆಬೆನ್ನೂರಲ್ಲೂ ತಾಂಡಾದ ಹೆಂಗಸರು ಪರಿಹಾರ ಕೇಳಿ ಬೀದಿಗಿಳಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಬೇಡದ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಜಿಲ್ಲೆಗೊಂದು ನಿಗಾ ಸಮಿತಿ ಇರಬೇಕು ಎನ್ನುತ್ತದೆ ಆ ಮಾರ್ಗಸೂಚಿ. ನಮ್ಮ ದಾವಣಗೆರೆ ಸಮಿತಿ ಎಷ್ಟು ಸಲ ಕೂತಿದೆ, ಲೆಕ್ಕ ಕೊಡಲಿ.

ಇನ್ನು ಊಟ. ಮೊಸರು ನಂಜು, ಬಾಳೆಹಣ್ಣು ನಂಜು ಎಂದು ಬಾಣಂತಿಗಿಂತ ಹೆಚ್ಚು ಪಥ್ಯ ಮಾಡಿಸುತ್ತಾರೆ. ಈಸ್ಟ್ರೋಜನ್ ಹೋದವಳ ಮೂಳೆ ಬೇಗ ಸವೆಯುತ್ತದೆ, ಅವಳಿಗೇ ಹಾಲು, ಮೊಸರು, ರಾಗಿ, ಎಳ್ಳು, ಸೊಪ್ಪು, ಕಾಳು, ಮೊಟ್ಟೆ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಯಾವ ಮುದ್ದೆಯೂ, ವಾಟ್ಸಾಪಲ್ಲಿ ಮಾರುವ ಯಾವ ಪುಡಿಯೂ ಹೋದ ಹಾರ್ಮೋನನ್ನು ವಾಪಸ್ ತರುವುದಿಲ್ಲ. ಅದಕ್ಕೆ ಬೇರೆ ಔಷಧಿ ಇದೆ. ಒಣಗುವುದಕ್ಕೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಉಂಟು. ಚಿಕ್ಕ ವಯಸ್ಸಲ್ಲಿ ಅಂಡಾಶಯ ಹೋದವರಿಗೆ, ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, 50ರವರೆಗೆ ಹಾರ್ಮೋನು ಚಿಕಿತ್ಸೆ ಕೊಡುತ್ತಾರೆ. ಸ್ತ್ರೀರೋಗ ತಜ್ಞರನ್ನು ಕೇಳದೆ ಮಾತ್ರೆ ನುಂಗಬೇಡಿ.

ಡಾಕ್ಟರೇ, ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆಯಿರಿ: ಏನು ತೆಗೆದೆವು, ಏನು ಉಳಿಸಿದೆವು. ಅಕ್ಕಂದಿರೇ, ಸಹಿ ಹಾಕುವ ಮುಂಚೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಆಗಲೇ ಆಪರೇಷನ್ ಆಗಿದ್ದರೆ ಹಳೇ ಚೀಟಿ ಹುಡುಕಿ ಆಶಾ ಅಕ್ಕನ ಹತ್ತಿರ ಓದಿಸಿ. ಅಣ್ಣಂದಿರೇ, ಮುನಿಸಿಕೊಳ್ಳುವ ಬದಲು ಆ ಚೀಟಿ ಹಿಡಿದು ಆಸ್ಪತ್ರೆಗೆ ನೀವೂ ಜೊತೆಗೆ ಹೋಗಿ.