ಮಾವಿಲ್ಲದ ಮಾವಿನಕಾಯಿ

ಆಫೀಸಿನ ಗೆಳತಿ ದುಬೈನಿಂದ ಬರುವಾಗ ಬೆರಳುದ್ದದ ಸೆಂಟಿನ ಸ್ಯಾಂಪಲ್ ಶೀಶೆಯೊಂದನ್ನು ತಂದುಕೊಟ್ಟಳು. ಮಣಿಕಟ್ಟಿಗೆ ಹಚ್ಚಿ ಮೂಸಿದವಳೇ, ‘ಅಯ್ಯೋ, ಇದು ಮಾವಿನಕಾಯಿ ಕಣೇ!’ ಅಂದೆ. ಹಣ್ಣಲ್ಲ, ಕಾಯಿ. ತೊಟ್ಟು ಮುರಿದ ಕೂಡಲೇ ಸೊನೆ ಜಿನುಗುತ್ತಲ್ಲ, ಆ ಗಳಿಗೆಯ ವಾಸನೆ. ಶೀಶೆಯ ಮೇಲಿದ್ದ ಫ್ರೆಂಚ್ ಹೆಸರಿಗೆ ‘ನೈಲ್ ನದಿಯ ಮೇಲೊಂದು ತೋಟ’ ಅಂತ ಅರ್ಥವಂತೆ.

ಇದನ್ನು ಮಾಡಿದ್ಯಾರು ಅಂತ ಆ ರಾತ್ರಿಯೇ ಹುಡುಕಿದೆ. ಜಾನ್-ಕ್ಲೋಡ್ ಎಲೆನಾ. 1947ರಲ್ಲಿ ದಕ್ಷಿಣ ಫ್ರಾನ್ಸಿನ ಗ್ರಾಸ್‌ನಲ್ಲಿ ಹುಟ್ಟಿದವರು. ಶ್ರೀಗಂಧ ಅಂದರೆ ನಮಗೆ ಮೈಸೂರು ನೆನಪಾಗುವ ಹಾಗೆ, ಸುಗಂಧ ಅಂದರೆ ಫ್ರೆಂಚರಿಗೆ ಗ್ರಾಸ್. ಎಲೆನಾ ಹದಿಹರೆಯದಲ್ಲೇ ಅಲ್ಲಿನ ಸುಗಂಧ ತೈಲದ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. 2004ರಲ್ಲಿ ಎರ್ಮೆಸ್ ಕಂಪನಿಯ ಸ್ವಂತ ಸುಗಂಧಕಾರರಾದರೂ ಪ್ಯಾರಿಸ್‌ಗೆ ಮನೆ ಬದಲಿಸಲಿಲ್ಲ. ಗ್ರಾಸ್ ಹತ್ತಿರದ ಗುಡ್ಡದ ಮೇಲಿನ ಕಾಬ್ರಿ ಎಂಬ ಹಳ್ಳಿಯಲ್ಲೇ ಕೂತು ಕೆಲಸ ಮಾಡಿದರು. ವರ್ಕ್ ಫ್ರಮ್ ಹೋಮ್ ಅಂತ ನಾವು ಹೇಳೋದಕ್ಕೆ ಎಷ್ಟೋ ಮೊದಲು!

ಅವರ ಕಸುಬಿನ ಗುಟ್ಟು, ಕಡಿಮೆ ಮಾಡುವುದು. ಸುಗಂಧಕಾರರ ಕಪಾಟಿನಲ್ಲಿ ಸಾವಿರಕ್ಕೂ ಹೆಚ್ಚು ಪರಿಮಳದ್ರವ್ಯ ಇರೋದು ಸಾಮಾನ್ಯ. ಎಲೆನಾ ತಮ್ಮದನ್ನು ಸುಮಾರು 200ಕ್ಕೆ ಇಳಿಸಿಕೊಂಡರು. ಅವರು ತೋರಿಸುವ ಒಂದು ಚಮತ್ಕಾರವಿದೆ. ಒಂದು ಕಾಗದದ ಪಟ್ಟಿಯನ್ನು ವೆನಿಲಿನ್‌ನಲ್ಲಿ ಅದ್ದುತ್ತಾರೆ, ಇನ್ನೊಂದನ್ನು ಐಸೋಬ್ಯೂಟೈಲ್ ಫಿನೈಲ್ ಅಸಿಟೇಟ್‌ನಲ್ಲಿ (ಉಸಿರು ಬಿಗಿಹಿಡಿದು ಓದಿ). ಎರಡನ್ನೂ ಜೋಡಿಸಿ ಮೂಗಿನ ಮುಂದೆ ಆಡಿಸಿದರೆ, ಚಾಕೊಲೇಟ್! ನಿಜವಾದ ಚಾಕೊಲೇಟ್ ಪರಿಮಳದಲ್ಲಿ ನೂರಾರು ಅಣುಗಳಿವೆ. ಇಲ್ಲಿರೋದು ಎರಡೇ. ಉಳಿದದ್ದನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತೆ.

ನನ್ನ ಶೀಶೆಯ ಕತೆಯೂ ಅದೇ. ಹೊಸ ಸುಗಂಧ ಹುಡುಕಿಕೊಂಡು ಎಲೆನಾ ಈಜಿಪ್ಟಿನ ಅಸ್ವಾನ್‌ಗೆ ಹೋಗಿದ್ದರು. ಮಲ್ಲಿಗೆ, ಕಮಲ ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ. ಕೊನೆಗೆ ಸಿಕ್ಕಿದ್ದು ನೈಲ್ ದಂಡೆಯ ಮರದಲ್ಲಿ ತೂಗುತ್ತಿದ್ದ ಮಾವಿನಕಾಯಿ. 2005ರಲ್ಲಿ ಬಂದ ಆ ಸುಗಂಧದಲ್ಲಿ ಮಾವಿನಕಾಯಿ ಹಿಂಡಿ ತೆಗೆದ ಅತ್ತರೇನೂ ಇಲ್ಲ. ಗ್ರೇಪ್‌ಫ್ರೂಟ್, ಕ್ಯಾರೆಟ್, ಟೊಮೆಟೊ ನೆನಪಿಸುವ ಛಾಯೆಗಳನ್ನು ಪಕ್ಕಪಕ್ಕ ಇಟ್ಟು ಹುಟ್ಟಿಸಿದ ಭ್ರಮೆ ಅದು.

ಈ ಮಾತು ನನಗೆ ಯಾಕೆ ಇಷ್ಟು ನಾಟಿತು ಗೊತ್ತಾ? ಕೋವಿಡ್ ಬಂದು ಹೋದ ಮೇಲೆ ತಿಂಗಳುಗಟ್ಟಲೆ ನನಗೆ ವಾಸನೆಯೇ ಗೊತ್ತಾಗುತ್ತಿರಲಿಲ್ಲ. ಹಾಲು ಉಕ್ಕಿ ಸೀದರೂ ತಿಳಿಯದು. ಮನೆಯಲ್ಲಿ ಹೇಳಿರಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ಅಮ್ಮ ಮಾವಿನಕಾಯಿ ಚಿತ್ರಾನ್ನ ಬಡಿಸಿ ‘ಹೆಂಗಿದೆಯೇ?’ ಅಂದ್ಲು. ‘ಸೂಪರ್ ಅಮ್ಮಾ’ ಅಂದೆ. ಮಣ್ಣು ತಿಂದ ಹಾಗಿತ್ತು. ಇನ್ನು ಜೀವನಪೂರ್ತಿ ಇಷ್ಟೇನಾ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ವಾರದ ನಂತರ ಅಮ್ಮ ಉಪ್ಪಿನಕಾಯಿಗೆ ಹೆಚ್ಚುತ್ತಾ ಕೂತಿದ್ದಳು. ಪಕ್ಕದಲ್ಲಿ ನಾನು, ನನ್ನ ಲ್ಯಾಪ್‌ಟಾಪ್. ಇದ್ದಕ್ಕಿದ್ದಂತೆ ಒಂದು ಎಳೆ ಮೂಗಿಗೆ ಬಂತು. ಹುಳಿಯಲ್ಲ, ಸಿಹಿಯಲ್ಲ, ಬರೀ ಸೊನೆಯ ಘಾಟು. ಅಷ್ಟು ಸಾಕಾಯ್ತು. ಅಜ್ಜಿಮನೆಯ ಹಿತ್ತಲು, ಕಲ್ಲಿಗೆ ಕುಟ್ಟಿ ಒಡೆದ ಕಾಯಿ, ಅಂಗೈಯಲ್ಲಿ ಉಪ್ಪು-ಖಾರ, ಎಲ್ಲ ಹಿಂದೆಯೇ ಬಂದವು. ಕಣ್ಣಲ್ಲಿ ನೀರು. ‘ಸೊನೆ ಹಾರಿತೇನೇ?’ ಅಂದ್ಲು ಅಮ್ಮ. ಹೂಂ ಅಂದೆ.

ಅರ್ಧ ಕೆಲಸ ತಾವು ಮಾಡಿ, ಉಳಿದರ್ಧವನ್ನು ನಮ್ಮ ನೆನಪಿಗೆ ಬಿಡುವ ಎಲೆನಾ ಅವರ ಧೈರ್ಯ ನನಗೆ ಅರ್ಥವಾಗಿದ್ದು ಹೀಗೆ. ಹತ್ತು ಸಾಲು ತುರುಕಿದ ನನ್ನ ಸ್ಲೈಡುಗಳನ್ನು ಈಗ ನಾನೇ ಅನುಮಾನದಿಂದ ನೋಡ್ತೀನಿ.

ಕಳೆದ ವಾರ ಶೀಶೆಯನ್ನು ಊರಿಗೆ ಒಯ್ದಿದ್ದೆ. ಅಮ್ಮ ಮೂಸಿದಳು, ಬೆಲೆ ಕೇಳಿದಳು, ಹೌಹಾರಿದಳು.

‘ಸೊನೆ ವಾಸನೆಗೆ ಇಷ್ಟೊಂದು ದುಡ್ಡಾ? ಅವರಿಗೆ ನಮ್ಮ ಹಿತ್ತಲಿಗೆ ಬರೋಕೆ ಹೇಳೇ. ಕಾಯಿನೂ ಕೊಟ್ಟು ಕಳಿಸ್ತೀನಿ!’